ಬಿಳಿ ಮೇಸ್ತ್ರಿಯ ಕೊನೆಯ ಪ್ರಾರ್ಥನೆ

ಮೂರು ಗಂಟೆಗೆ ಬರುವ ಜನಕ್ಕೆ ಹತ್ತು ಗಂಟೆಗೇ ಹಾಸಿ ಇಡಬೇಕಂತೆ. ಅವನು ಬೀರುವಿನ ಮೇಲರೆಯಿಂದ ಬಿಳಿ ಹಾಸುಗಳ ಕಟ್ಟನ್ನು ಇಳಿಸಿ, ಎದೆಗವಚಿಕೊಂಡು, ಹಜಾರದ ನಡುವೆ ನಿಂತಿದ್ದ. ಹಾಸಲೂ ಇಲ್ಲ, ಕೆಳಗಿಡಲೂ ಇಲ್ಲ. ನಾಲ್ಕು ಹಾಸು, ಅಂಚಿಗೆ ಅಂಚು ಕೂತಿವೆ, ಒಂದು ಎಳೆ ಆಚೀಚೆ ಇಲ್ಲ. ಅಪ್ಪ ಮಡಿಸಿಟ್ಟದ್ದು. ಮನುಷ್ಯ ಹೋಗಿ ಇವತ್ತಿಗೆ ಒಂದು ವರ್ಷ, ಲಕ್ವ ಹೊಡೆದು ಕೈ ಬಿದ್ದುಹೋಗಿ ಹದಿನಾಲ್ಕು ತಿಂಗಳು. ಮಡಿಕೆ ಮಾತ್ರ ಹಾಗೇ ಇದೆ, ಯಾರಾದರೂ ನೋಡಿ ಮೆಚ್ಚಲಿ ಅಂತ ಕಾದು ಕೂತ ಹಾಗೆ. ಮೆಚ್ಚಿಸಿಕೊಳ್ಳುವುದರಲ್ಲಿ ಅಪ್ಪ ಯಾವತ್ತೂ ಹಿಂದೆ ಬಿದ್ದವನಲ್ಲ. "ನನ್ನದೇನಿದೆ, ಎಲ್ಲಾ ಕರ್ತನ ಕೃಪೆ" ಅಂತ ಕಣ್ಣು ಮೇಲೆ ಮಾಡಿದರೆ ಮುಗಿಯಿತು, ಹೊಗಳಲು ಬಂದವನು ಇನ್ನೊಂದು ಸೇರು ಹೆಚ್ಚಿಗೆ ಸುರಿದೇ ಹೋಗಬೇಕು. ಅಡುಗೆಮನೆಯಿಂದ ಹೆಂಡತಿ ಕೂಗಿದಳು, "ರೀ, ಹಾಸಿ ಆಯ್ತಾ?" ಆಗದಿದ್ದರೂ "ಆಯ್ತು" ಎಂದ. ಅಂಗಿಯ ಜೇಬಿನಲ್ಲಿದ್ದ ಕಾಗದದ ಮೂಲೆ ಎದೆಗೆ ಚುಚ್ಚುತ್ತಿತ್ತು. ಪಾಸ್ಟರು ಹದಿನೈದು ದಿನ ಮುಂಚೆಯೇ ಬಂದು ಹೇಳಿ ಹೋಗಿದ್ದರು: ಸ್ಮರಣೆಯ ಕೂಟದಲ್ಲಿ ಮಗ ಎರಡು ಮಾತಾಡಬೇಕು, ದೊಡ್ಡ ಭಾಷಣ ಏನೂ ಬೇಡ ಮೇಷ್ಟ್ರೇ, ಅವರ ದುಡಿಮೆ, ಅವರ ಭಕ್ತಿ, ಆಮೇಲೆ ಆ ಸಾವು, ಆ ಸಾವನ್ನ ಮಾತ್ರ ಬಿಡಬೇಡಿ, ಪ್ರಾರ್ಥನೆ ಮಾಡ್ತಾ ಮಾಡ್ತಾನೇ ಪ್ರಾಣ ಬಿಟ್ರಲ್ಲ, ಅಂಥ ಸಾವು ಎಷ್ಟು ಜನಕ್ಕೆ ಬರುತ್ತೆ ಹೇಳಿ? ಅವನು ಏಳು ವಾಕ್ಯ ಬರೆದಿದ್ದ. ಎಂಟನೆಯದಕ್ಕೆ ಜಾಗ ಬಿಟ್ಟಿದ್ದ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ರೇಖಾಗಣಿತ ಕಲಿಸುವವನಿಗೆ ಆ ಒಂದು ವಾಕ್ಯ ಬರೆಯಲಾಗಲಿಲ್ಲ. ಅದು ಸುಳ್ಳು ಅಂತ ಗೊತ್ತಿದ್ದವನು ಈ ಭೂಮಿ ಮೇಲೆ ತಾನೊಬ್ಬನೇ ಎಂದು ಅವನು ತಿಳಿದಿದ್ದ.

ದುಡಿಮೆ ಸುಳ್ಳಲ್ಲ. ಅಪ್ಪ ದುಡಿದ, ಅಯ್ಯೋ, ಎಷ್ಟು ದುಡಿದ! ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತನಾಲ್ಕು ವರ್ಷ. ನೆಲಮಾಳಿಗೆ, ಎರಡು ಕಿಟಕಿ, ಕಿಟಕಿಯಾಚೆ ಜನರ ಪಾದ ಮಾತ್ರ ಕಾಣುತ್ತಿತ್ತು. ಬೇಸಿಗೆ ರಜೆಯಲ್ಲಿ ಊಟದ ಡಬ್ಬಿ ಒಯ್ದಾಗ ಮೊದಲು ಮೂಗಿಗೆ ಬ್ಲೀಚಿಂಗ್ ಪೌಡರು ಬಡಿಯುತ್ತಿತ್ತು, ಆಮೇಲೆ ಗಂಜಿಯ ವಾಸನೆ, ಆಮೇಲೆ ಹಬೆಯೊಳಗಿಂದ ಅಪ್ಪನ ಕೀರ್ತನೆ. ಒಗೆಯುವ ಡ್ರಮ್ಮು ಗಡಗಡ ಉರುಳುತ್ತಿದ್ದರೆ ಅದೇ ತಾಳಕ್ಕೆ ಹಾಡುತ್ತಿದ್ದ. ರಕ್ತ, ಕೀವು, ವಾಂತಿ, ಹೆರಿಗೆಯ ನೀರು, ಏನು ಹತ್ತಿದ ಬಟ್ಟೆ ಬಂದರೂ ಮುಖ ಸಿಂಡರಿಸದೆ ಬೇರೆ ಬೇರೆ ಮಾಡುತ್ತಿದ್ದ, ಹಾಲಿನ ಹಾಗೆ ಬೆಳ್ಳಗೆ ಮಾಡಿ ಕಳಿಸುತ್ತಿದ್ದ. ಅದನ್ನು ಕಂಡೇ ಉಳಿದ ಕೆಲಸದವರು ಅವನಿಗೆ ಬಿಳಿ ಮೇಸ್ತ್ರಿ ಅಂತ ಹೆಸರಿಟ್ಟದ್ದು. ಇಸ್ತ್ರಿಯ ರೋಲರಿಗೆ ಮುಂಗೈ ಸಿಕ್ಕಿ ಚರ್ಮ ಸುಲಿದು ಹೋದ ದಿನ ಮನೆಗೆ ಬಂದು, ಪೂರ್ತಿ ಕೈ ಹೋಗಲಿಲ್ಲವಲ್ಲ ಅಂತ ಮೊಣಕಾಲೂರಿ ಸ್ತೋತ್ರ ಹೇಳಿದ. ಅಮ್ಮ ಅಳುತ್ತಿದ್ದಳು, ಅವನಿಗೆ ಸ್ತೋತ್ರವೇ ಮುಖ್ಯ. ಹರಿದ ಹಾಸಿನ ಒಂದು ತುಂಡನ್ನೂ ಮನೆಗೆ ತರಲಿಲ್ಲ. ನೆಲ ಒರೆಸಲು ಬಟ್ಟೆಯಿಲ್ಲದೆ ಅಮ್ಮ ತನ್ನ ಹಳೇ ಲಂಗ ಹರಿದಳು. ಆಸ್ಪತ್ರೆಯ ಹಾಸುಗಳು ಮಾತ್ರ ಮೂಲೆಯಲ್ಲಿ ಕೆಂಪು ದಾರದ ಗುರುತು ಹೊತ್ತು, ಸಾಲುಸಾಲಾಗಿ, ಸ್ವರ್ಗಕ್ಕೆ ಹೊರಟ ಹಾಗೆ ಕೂತಿರುತ್ತಿದ್ದವು. ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುವ ಮಾತನ್ನು ಮಗ ಏಳನೇ ತರಗತಿಯಲ್ಲಿ ಓದಿದಾಗ ಯಾರನ್ನೂ ಅರ್ಥ ಕೇಳಬೇಕಾಗಿರಲಿಲ್ಲ. ಮಡಿಸುವುದನ್ನು ಕಲಿಸಿದ್ದೂ ಆಗಲೇ. ಅಪ್ಪ ಎರಡು ತುದಿ, ಇವನು ಎರಡು ತುದಿ. ಎಳೆದು, ಜಾಡಿಸಿ, ಎದುರುಬದುರು ನಡೆದು ಬಂದು ಅಂಚು ಕೂಡಿಸಬೇಕು. ಬೆರಳಗಲ ತಪ್ಪಿದರೂ ಅಪ್ಪ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. "ಬಿಚ್ಚು. ಮತ್ತೆ ಮಡಿಸು" ಅಷ್ಟೇ. ಹತ್ತು ಸಲವಾದರೂ ಅದೇ ದನಿ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೈಯುವ ಕೆಲಸವನ್ನು ಅಪ್ಪ ದೇವರಿಗೆ ವಹಿಸಿದ್ದ. ದಿನಾ ಸಂಜೆ ಆರೂವರೆಗೆ ಮನೆ ಪ್ರಾರ್ಥನೆ. ಅಮ್ಮ ಸತ್ಯವೇದ ಓದಬೇಕು, ಒಂದು ಕೀರ್ತನೆ ಹಾಡಬೇಕು, ಕೊನೆಯ ಪ್ರಾರ್ಥನೆ ಅಪ್ಪನದು. ಅಪ್ಪ "ಆಮೆನ್" ಅನ್ನುವ ತನಕ ಯಾರೂ ಕಣ್ಣು ಬಿಡುವ ಹಾಗಿಲ್ಲ, ಅಲ್ಲಾಡುವ ಹಾಗಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ಉಕ್ಕಲಿ, ಬಾಗಿಲು ಬಡಿದರೆ ಬಡಿಯಲಿ. ಆ ಕತ್ತಲಲ್ಲಿ ಅಪ್ಪ ನಯವಾದ ದನಿಯಲ್ಲಿ ಚಾಡಿ ಹೇಳುತ್ತಿದ್ದ. ಕರ್ತನೇ, ನಿನ್ನ ಮಗಳು ಇವತ್ತು ಪಕ್ಕದ ಮನೆಯವಳ ಜೊತೆ ಎರಡು ಗಂಟೆ ಮಾತಾಡಿದಾಳೆ, ಅವಳ ನಾಲಿಗೆಗೆ ಕಾವಲು ಇಡು. ಅದು ಅಮ್ಮ. ಕರ್ತನೇ, ನಿನ್ನ ಈ ಮಗ ಇವತ್ತೂ ಹಾಸಿಗೆ ಒದ್ದೆ ಮಾಡಿಕೊಂಡಿದಾನೆ, ಒಂಬತ್ತು ವರ್ಷ ಆಯ್ತು, ಅವನಿಗೆ ಬಲ ಕೊಡು. ಅದು ಇವನು. ಅವತ್ತು ಸೋದರತ್ತೆ ಬಂದಿದ್ದಳು, ಪಕ್ಕದ ಮನೆಯ ಇಬ್ಬರು ಹುಡುಗಿಯರೂ ಕೀರ್ತನೆ ಹಾಡಲು ಬಂದು ಕೂತಿದ್ದರು. ಯಾರೋ ಕಿಸಕ್ಕೆಂದರು. ಯಾರು ಅಂತ ನೋಡಲು ಅವನು ಕಣ್ಣು ಬಿಟ್ಟ, ಮೊಟ್ಟಮೊದಲ ಸಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಎಲ್ಲರೂ ತಲೆ ತಗ್ಗಿಸಿ ತಮ್ಮ ಸರದಿಗೆ ಹೆದರುತ್ತಿದ್ದರು. ಅಪ್ಪನ ಮುಖ ಮಾತ್ರ ಬಿಡಿಸಿಟ್ಟ ಬಟ್ಟೆಯ ಹಾಗೆ ನಿರಾಳವಾಗಿತ್ತು. ಆಮೇಲೆ ಕಣ್ಣು ಬಿಡುವುದೇ ಚಟವಾಯಿತು. ಅಪ್ಪ ದೇವರ ಹತ್ತಿರ ಮಾತಾಡುವಾಗ ಅಪ್ಪನನ್ನು ದಿಟ್ಟಿಸಿ ನೋಡುವುದು, ಮನಸ್ಸಿನಲ್ಲೇ ಅಣಕಿಸುವುದು. ಆದರೆ ಆ ಒದ್ದೆ ಹಾಸನ್ನು ಅವತ್ತು ಬೆಳಗ್ಗೆ ಯಾರಿಗೂ ಹೇಳದೆ ಒಗೆದು ಹಿಂಡಿ ಒಣಗಿಸಿದವನೂ ಅಪ್ಪನೇ, ಅದೂ ಆರುನೂರು ಹಾಸು ಒಗೆಯುವ ಕೆಲಸಕ್ಕೆ ಹೊರಡುವ ಮುಂಚೆ. ಈ ನೆನಪು ಬಂದಾಗಲೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಗೆದದ್ದು ಸರಿ, ಹೇಳಿದ್ದೇಕೆ? ಹೇಳಿದ್ದು ಸರಿ, ಒಗೆದದ್ದೇಕೆ? ಎರಡನ್ನೂ ಒಬ್ಬನೇ ಮಾಡಿದರೆ ಮಗನಾದವನು ಯಾವ ಕಡೆ ನಿಲ್ಲಬೇಕು?

ಕುರ್ಚಿಯವನು ಬಂದು ಇಪ್ಪತ್ತು ಕುರ್ಚಿ ಇಳಿಸಿ ಹೋದ. ಅವನು ಕೊನೆಗೆ ಹಾಸುಗಳನ್ನು ಒಂದೊಂದಾಗಿ ಒದರಿ ಕುರ್ಚಿಗಳ ಮುಂದೆ ಹಾಸಿದ. ಮಗಳು ಬಂದು ಮೂಲೆ ಎಳೆದು ಸುಕ್ಕು ತೆಗೆದಳು. ಹನ್ನೆರಡು ವರ್ಷ, ಮಾತು ಕಡಿಮೆ, ಈ ವರ್ಷವಂತೂ ಇನ್ನೂ ಕಡಿಮೆ. ತಾತನ ಜೊತೆ ಮಡಿಸಿ ಮಡಿಸಿ ಅವಳ ಕೈಗೂ ಅದೇ ಹದ ಬಂದಿತ್ತು. ಹೆಂಡತಿ ಹೋದ ತಿಂಗಳು ದೂರಿದ್ದಳು, "ಸಭೆಯಲ್ಲಿ ಎಲ್ಲರೂ ಪ್ರಾರ್ಥನೆ ಮಾಡ್ತಿದ್ರೆ ಇವಳು ಪಿಳಿಪಿಳಿ ಕಣ್ಣು ಬಿಟ್ಕೊಂಡು ಕೂತಿರ್ತಾಳೆ. ಎಷ್ಟು ಹೇಳಿದ್ರೂ ಮುಚ್ಚಲ್ಲ. ನಿಮ್ಮ ಗಾಳಿನೇ ಬಡಿದಿದೆ." ಅವನು ಮೇಲೆ ಮೇಲೆ ಗದರಿದರೂ ಒಳಗೊಳಗೇ ಉಬ್ಬಿದ್ದ. ಪರವಾಗಿಲ್ಲ, ಒಬ್ಬಳಾದರೂ ನನ್ನ ಕಡೆ ಬಂದಳು ಅಂದುಕೊಂಡಿದ್ದ. ತಾನು ಸಭೆಗೆ ಹೋಗುವುದು ಹೆಂಡತಿಯ ಕಾಟಕ್ಕೆ. ಹೋದರೂ ಮನಸ್ಸಿನಲ್ಲಿ ಕಿಟಕಿಯ ಕಮಾನು ಎಷ್ಟು ಡಿಗ್ರಿ ಅಂತ ಲೆಕ್ಕ ಹಾಕುತ್ತ ಕೂರುವವನು. ಅಪ್ಪನಿಗೂ ಇದು ಗೊತ್ತಿತ್ತು, ಅವನ ಪ್ರಕಾರ ಇದೆಲ್ಲ ಸೋಮಾರಿತನ. ಇವನ ಮದುವೆಯ ದಿನ ನೂರೈವತ್ತು ಜನರೆದುರು ಮೈಕಿನಲ್ಲೇ ಪ್ರಾರ್ಥಿಸಿರಲಿಲ್ಲವೇ, ಕರ್ತನೇ, ಇವನ ಸೋಮಾರಿತನ ತಾಳಿಕೊಳ್ಳೋ ಶಕ್ತಿನ ಈ ಹುಡುಗಿಗೆ ಕೊಡು ಅಂತ! ಬೀಗರು ಮುಖ ಮುಖ ನೋಡಿಕೊಂಡಿದ್ದರು. ಹೆಂಡತಿ ಜಗಳವಾದಾಗಲೆಲ್ಲ ಈಗಲೂ ಅದನ್ನೇ ಎತ್ತುತ್ತಾಳೆ, "ಕೇಳಿದ್ದು ಸಿಕ್ಕಿದೆ ಬಿಡಿ" ಅಂತ.

ಅಪ್ಪನಿಗೆ ಲಕ್ವ ಹೊಡೆದು ನಾಲಿಗೆ ಹೊರಳದಾದಾಗ, ನಾಚಿಕೆಗೇಡು, ಅವನಿಗೆ ಮೊದಲು ಅನಿಸಿದ್ದು ಇಷ್ಟೇ: ಇನ್ನು ಚಾಡಿ ಇಲ್ಲ. ಹಜಾರದ ಕಿಟಕಿಯ ಬಳಿ ಮಂಚ ಹಾಕಿದರು. ಅಪ್ಪ ಬಿಡಲಿಲ್ಲ. ಆರೂವರೆಯಾಯಿತೆಂದರೆ ಎಡಗೈಯಿಂದ ಮಂಚದ ಪಟ್ಟಿ ತಟ್ಟುತ್ತಿದ್ದ. ಎಲ್ಲರೂ ಬಂದು ಕೂರಬೇಕು, ಓದಬೇಕು, ಕಣ್ಣು ಮುಚ್ಚಬೇಕು. ಆಮೇಲೆ ಹತ್ತು ನಿಮಿಷ ಗಂಟಲಲ್ಲೇ ಏನೋ ಗೊಣಗುತ್ತಿದ್ದ, ಒಂದಕ್ಷರ ತಿಳಿಯುತ್ತಿರಲಿಲ್ಲ. ಗೊಣಗು ನಿಂತರೆ ಪ್ರಾರ್ಥನೆ ಮುಗಿಯಿತು ಅಂತ ಲೆಕ್ಕ. ಎರಡು ತಿಂಗಳು ಹೀಗೇ ನಡೆಯಿತು. ದಿನಾ ಬಂದು ಹೋಗುವ ನರ್ಸಮ್ಮ ಇವನೊಬ್ಬನನ್ನೇ ಕರೆದು ಹೇಳಿದ್ದಳು, "ಗಂಟಲಲ್ಲಿ ಕಫ ಸಿಕ್ಕಿದ್ರೆ ಕಾಯಬೇಡಿ ಸಾರ್, ತಕ್ಷಣ ಎತ್ತಿ ಮಗ್ಗುಲಿಗೆ ಹೊರಳಿಸಿ. ತಡ ಆದ್ರೆ ಕಷ್ಟ." ಅವತ್ತು ಸೋದರತ್ತೆಯೂ ಬಂದಿದ್ದಳು. ಅಮ್ಮ ಈಗಿಲ್ಲವಲ್ಲ, ಅವಳೇ ಸತ್ಯವೇದ ಓದಿದಳು. ಎಲ್ಲರೂ ಕಣ್ಣು ಮುಚ್ಚಿದರು, ಗೊಣಗು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದು ಗೊರಗೊರ ಆಯಿತು, ಏರಿತು, ಎಳೆಯಿತು. ಸೋದರತ್ತೆ ಕರಗಿಹೋಗಿ "ಸ್ತೋತ್ರ, ಸ್ತೋತ್ರ" ಅಂದಳು, ಅಣ್ಣ ಅತ್ತು ಪ್ರಾರ್ಥಿಸುತ್ತಿದ್ದಾನೆ ಅಂದುಕೊಂಡು. ಅವನು ಹಳೇ ಚಟದ ಹಾಗೆ ಕಣ್ಣು ಬಿಟ್ಟ. ಅಪ್ಪನ ಕಣ್ಣು ಬಿಟ್ಟಿತ್ತು. ನಲವತ್ತೆಂಟು ವರ್ಷದಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ಆ ಕಣ್ಣು ತೆರೆದಿದ್ದನ್ನು ಅವನು ನೋಡಿರಲೇ ಇಲ್ಲ. ಮುಖ ನೀಲಿಗಟ್ಟಿತ್ತು. ಎಡಗೈ ಎತ್ತಿ ಇವನ ಕಡೆ ಚಾಚಿತ್ತು. ನರ್ಸಮ್ಮನ ಮಾತು ನೆನಪಾಯಿತೇ? ಆಯಿತು. ಆಗಲಿಲ್ಲ ಅಂತ ಒಂದು ವರ್ಷದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ, ಆದರೆ ಆಯಿತು. ಅದರ ಜೊತೆಗೇ, ಅದನ್ನು ಮೀರಿ, ಇನ್ನೊಂದು ಎದ್ದಿತು: ನೋಡು, ಸಾಯೋ ಹೊತ್ತಲ್ಲೂ ನನ್ನ ಕಡೆಗೇ ಬೆರಳು, ಈಗಲೂ ನನ್ನ ಮೇಲೇ ಹೇಳುತ್ತಿದ್ದಾನೆ. ಸಿಟ್ಟು ಉಕ್ಕಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಸದ್ದು ಇನ್ನೂ ಸ್ವಲ್ಪ ಹೊತ್ತು ಬಂತು, ನಿಂತಿತು. "ಆಮೆನ್" ಅಂತ ಎಲ್ಲರಿಗಿಂತ ಮೊದಲು ಅಂದವನು ಅವನೇ.

ಮೂರಕ್ಕೆ ಸರಿಯಾಗಿ ಜನ ಬಂದರು, ಚಪ್ಪಲಿ ಬಾಗಿಲಲ್ಲಿ ಗುಡ್ಡೆಯಾಯಿತು. ಪಾಸ್ಟರು ಮೊದಲ ಕುರ್ಚಿ, ಸೋದರತ್ತೆ ಎರಡನೆಯದು. ಕೀರ್ತನೆ ಮುಗಿದದ್ದೇ ಹೊಗಳಿಕೆ ಶುರು. ಲಾಂಡ್ರಿಯಲ್ಲಿ ಅಪ್ಪನ ಕೈಕೆಳಗಿದ್ದ ಮುದುಕ ಎದ್ದು, ಬಿಳಿ ಮೇಸ್ತ್ರಿ ಇದ್ದಾಗ ರೋಗಿಗಳು ಹಾಸಿನ ಬಿಳುಪು ನೋಡಿಯೇ ಅರ್ಧ ವಾಸಿಯಾಗುತ್ತಿದ್ದರು ಎಂದ. ಇದೇ ಮುದುಕ ಹಿಂದೆ ಅಪ್ಪನ ಬೆನ್ನ ಹಿಂದೆ "ಪರಲೋಕದ ಏಜೆಂಟು" ಅಂತ ನಗುತ್ತಿದ್ದದ್ದನ್ನು ಅವನು ಡಬ್ಬಿ ಹಿಡಿದು ನಿಂತು ಕೇಳಿಸಿಕೊಂಡಿದ್ದ. ಆಮೇಲೆ ಸೋದರತ್ತೆ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವವಳು. ಅವಳ ಬಾಯಲ್ಲಿ ಆ ಸಂಜೆ ತಿಂಗಳಿಗೊಂದು ಬಣ್ಣ ಬಳಿದುಕೊಂಡು ಈಗ ಗುರುತೇ ಸಿಗದ ಹಾಗಾಗಿತ್ತು. "ಅಣ್ಣನ ಮುಖ ಹೀಗೆ ಬೆಳಗ್ತಿತ್ತು! ಕೈ ಎತ್ತಿ ನಮ್ಮನ್ನೆಲ್ಲ ಆಶೀರ್ವಾದ ಮಾಡಿದ್ರು!" ಕಣ್ಣು ಮುಚ್ಚಿದ್ದವಳಿಗೆ ಇದೆಲ್ಲ ಹೇಗೆ ಕಂಡಿತು ಅಂತ ಕೇಳುವವರು ಯಾರೂ ಇರಲಿಲ್ಲ. ಅವನ ಸರದಿ ಬಂತು. ಎದ್ದ, ಕಾಗದ ಬಿಡಿಸಿದ, ಏಳು ವಾಕ್ಯ ಓದಿದ. ಎಂಟನೆಯ ಜಾಗಕ್ಕೆ ಬಂದಾಗ ಪಾಸ್ಟರು ತಲೆಯಾಡಿಸುತ್ತ ಕಾಯುತ್ತಿದ್ದರು. ಹೇಳಿಬಿಡಲೇ ಅನಿಸಿತು. ಹೇಳಿದರೆ ಇವರ ಹೊಳೆಯುವ ಮುಖಗಳು ಸುಟ್ಟ ರೊಟ್ಟಿಯಾಗುತ್ತವೆ, ನೋಡಬಹುದಿತ್ತು. ಆದರೆ ಅದರ ಜೊತೆಗೆ ತನ್ನ ಮುಖವೂ. "ಕೊನೆಯದು ನಿಮಗೆಲ್ಲ ಗೊತ್ತೇ ಇದೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೂತುಬಿಟ್ಟ. ಹೇಡಿ, ಅಂದುಕೊಂಡ. ಮೇಷ್ಟ್ರಂತೆ ಮೇಷ್ಟ್ರು.

ಪಾಸ್ಟರು ಎದ್ದು, ಮುಕ್ತಾಯದ ಪ್ರಾರ್ಥನೆಯನ್ನು ತಾತನ ಮುದ್ದಿನ ಮೊಮ್ಮಗಳೇ ಮಾಡಲಿ ಎಂದರು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಟ್ರೇ ಹಿಡಿದು ಗಾಬರಿಯಿಂದ ನಿಂತಳು. ಇವಳು ಒಲ್ಲೆ ಅಂದರೆ ಮಾನ ಹೋಯಿತು. ಮಗಳು ಒಲ್ಲೆ ಅನ್ನಲಿಲ್ಲ. ಹಾಸಿನ ಮೇಲೆ ಮೊಣಕಾಲೂರಿದಳು. ಎಲ್ಲರೂ ಕಣ್ಣು ಮುಚ್ಚಿದರು. "ಕರ್ತನೇ," ಎಂದಳು. ಅದು ಅಪ್ಪನದೇ ಧಾಟಿ, ಅದೇ ನಯ, ಅದೇ ತಗ್ಗು ದನಿ, ಈಗ ಯಾರದೋ ಹೆಸರು ಬರುತ್ತದೆ, ಯಾರ ಮೇಲೋ ಹೇಳುತ್ತಾಳೆ. "ಕರ್ತನೇ, ನಿನ್ನ ಈ ಮಗಳು ತಪ್ಪು ಮಾಡಿದಾಳೆ. ಅವತ್ತು ತಾತ ಪ್ರಾರ್ಥನೆ ಮಾಡ್ತಿರ್ಲಿಲ್ಲ. ನಾನು ಕಣ್ಣು ಬಿಟ್ಟು ನೋಡ್ಬಿಟ್ಟೆ. ತಾತಂಗೆ ಉಸಿರು ಬರ್ತಿರ್ಲಿಲ್ಲ, ಕೈ ಚಾಚಿದ್ರು. ಅಪ್ಪನ್ನ ನೋಡಿದೆ, ಅಪ್ಪ ಗಟ್ಟಿಯಾಗಿ ಕಣ್ಣು ಮುಚ್ಕೊಂಡಿದ್ರು. ದೊಡ್ಡವರು ಮುಚ್ಕೊಂಡಿದಾರೆ ಅಂದ್ರೆ ಪ್ರಾರ್ಥನೆನೇ ಇರಬೇಕು, ಮಧ್ಯ ಏಳಬಾರದು ಅಂತ ಸುಮ್ನೆ ಕೂತೆ. ಅಪ್ಪಂಗೆ ಏನೂ ಗೊತ್ತಿಲ್ಲ, ಗೊತ್ತಿದ್ರೆ ಎದ್ದಿರ್ತಿದ್ರು. ನೋಡಿದ್ದು ನಾನೊಬ್ಬಳೇ. ನನ್ನಿಂದ ತಾತ..." ಹಾಸಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೋಣೆಯಲ್ಲಿ ಮೂಗು ಎಳೆಯುವ ಸದ್ದು. ಸೋದರತ್ತೆ ಪಕ್ಕದವಳಿಗೆ ಪಿಸುಗುಟ್ಟಿದಳು, "ಎಷ್ಟು ಎಳೇ ಮನಸ್ಸು ನೋಡಿ, ಮಾಡದ ಪಾಪಕ್ಕೂ ಅಳುತ್ತೆ."

ಆಮೆನ್ ಬರಲಿಲ್ಲ. ಮಗಳು ಅನ್ನುವುದಿಲ್ಲ, ಬೇರೆ ಯಾರಾದರೂ ಅಂದು ಮುಗಿಸಬೇಕು. ಆ ಶಬ್ದ ಅವನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಅಂದುಬಿಟ್ಟರೆ ಸಾಕು, ಎಲ್ಲರೂ ಕಣ್ಣು ಬಿಡುತ್ತಾರೆ, ಟೀ ಬರುತ್ತದೆ, ಬಿಸ್ಕತ್ತು ಬರುತ್ತದೆ, ಹನ್ನೆರಡು ವರ್ಷದ ಹುಡುಗಿ ತಾತ ಚಾಚಿದ ಆ ಕೈಯನ್ನು ಹೊತ್ತುಕೊಂಡು ಬದುಕುತ್ತಾಳೆ. ಸಭೆಯಲ್ಲಿ ಅವಳು ಕಣ್ಣು ಮುಚ್ಚದಿದ್ದುದು ಇದಕ್ಕೇ, ಇನ್ನೊಬ್ಬರು ಸಾಯದಿರಲಿ ಅಂತ. ಅದನ್ನೇ ಅವನು ತನ್ನ ಕಡೆ ಬಂದದ್ದು ಅಂದುಕೊಂಡಿದ್ದ! ಥೂ. ಅವನು ಎದ್ದ. ಕುರ್ಚಿ ಕಿರ್ರೆಂದಿತು. ಆ ಮನೆಯಲ್ಲಿ ಪ್ರಾರ್ಥನೆಯ ಮಧ್ಯೆ ಎದ್ದವರು ಯಾರೂ ಇರಲಿಲ್ಲ. "ನಾನೂ ನೋಡಿದೆ" ಎಂದ, ತನ್ನ ದನಿ ತನಗೇ ಪರಕೀಯವಾಗಿ ಕೇಳಿತು. "ಅವಳಿಗಿಂತ ಮೊದಲೇ ನೋಡಿದೆ. ಉಸಿರು ಕಟ್ಟಿದೆ ಅಂತ ಗೊತ್ತಾಯ್ತು. ಎತ್ತಬೇಕು ಅಂತಾನೂ ಗೊತ್ತಿತ್ತು. ನನ್ನ ಮೇಲೆ ಚಾಡಿ ಹೇಳ್ತಿದಾನೆ ಅನ್ನೋ ಸಿಟ್ಟಿಗೆ ಕಣ್ಣು ಮುಚ್ಕೊಂಡೆ. ನಾನು ಮುಚ್ಕೊಂಡೆ ಅಂತ ಈ ಮಗು ಕೂತಳು. ತಪ್ಪು ಅವಳದಲ್ಲ." ಹೇಳಿ ಸುತ್ತ ನೋಡಿದ. ಯಾರೂ ತಲೆ ಎತ್ತಿರಲಿಲ್ಲ. ಇಪ್ಪತ್ತು ಕುರ್ಚಿಯಲ್ಲೂ ಕಣ್ಣು ಮುಚ್ಚಿಯೇ ಇತ್ತು. "ಹೌದು ಕರ್ತನೇ" ಎಂದರು ಪಾಸ್ಟರು ಮೆಲ್ಲಗೆ. "ಕರುಣಿಸು" ಎಂದ ಲಾಂಡ್ರಿಯ ಮುದುಕ. "ನಾನು ಪ್ರಾರ್ಥನೆ ಮಾಡ್ತಿಲ್ರೀ!" ಎಂದು ಅವನು ಕೂಗಿದ. "ನಿಮಗೇ ಹೇಳ್ತಿರೋದು! ಕಣ್ಣು ಬಿಡಿ!" ಸೋದರತ್ತೆ ಎರಡೂ ಕೈ ಮೇಲೆತ್ತಿ, ಇನ್ನೂ ಗಟ್ಟಿ ದನಿಯಲ್ಲಿ, "ಹೌದಪ್ಪಾ, ನಮ್ಮೆಲ್ಲರ ಕಣ್ಣು ತೆರೆಸು" ಎಂದಳು. "ಆಮೆನ್" ಎಂದಿತು ಕೋಣೆ. ಹೆಂಡತಿಯೊಬ್ಬಳು ಮಾತ್ರ ಅನ್ನಲಿಲ್ಲ. ಅವಳು ಟ್ರೇಯನ್ನು ನೆಲದ ಮೇಲೆ ಇಟ್ಟು, ಬಾಗಿದ್ದವಳು ಹಾಗೇ ಬಾಗಿಯೇ ಇದ್ದಳು.

ಹೊರಡುವಾಗ ಒಬ್ಬೊಬ್ಬರೂ ಬಂದು ಅವನ ಕೈ ಹಿಡಿದುಕೊಂಡರು. ಪಾಸ್ಟರ ಕಣ್ಣಲ್ಲಿ ನೀರಿತ್ತು. "ಕೊನೆಗೂ ಬಾಯಿ ಬಿಟ್ರಲ್ಲ ಮೇಷ್ಟ್ರೇ. ಥೇಟ್ ನಿಮ್ಮಪ್ಪನ ಹಾಗೇ ಪ್ರಾರ್ಥನೆ ಮಾಡ್ತೀರಿ, ಅದೇ ಧಾಟಿ. ಮುಂದಿನ ಭಾನುವಾರ ಸಭೆಯಲ್ಲೂ ಮಾಡಬೇಕು." ಅವನು ಏನಾದರೂ ಅನ್ನುವಷ್ಟರಲ್ಲಿ ಚಪ್ಪಲಿ ಹುಡುಕತೊಡಗಿದರು. ಮನೆ ಖಾಲಿಯಾಯಿತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ತಿರುಗಿದಾಗ ಮಗಳು ಒಂದು ಹಾಸಿನ ಎರಡು ತುದಿ ಹಿಡಿದು ನಿಂತಿದ್ದಳು.

"ಆ ಕಡೆ ಹಿಡಿ" ಎಂದಳು.

ಹಿಡಿದ. ಎಳೆದರು, ಜಾಡಿಸಿದರು. ಬಿಸ್ಕತ್ತಿನ ಪುಡಿ ಉದುರಿತು. ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನಿಜವಾಗ್ಲೂ ನೋಡಿದ್ಯಾ? ನನ್ನ ಸಮಾಧಾನಕ್ಕೆ ಹೇಳಿದ್ಯಾ?"

"ನಿಜವಾಗ್ಲೂ ನೋಡಿದೆ."

"ಎಷ್ಟು ಹೊತ್ತು?"

ಒಂದು ಕ್ಷಣ ಅಷ್ಟೇ ಕಣೇ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಗೊತ್ತಾಗೋಷ್ಟು ಹೊತ್ತು" ಎಂದ.

ಅವಳು ನಡೆದು ಬಂದಳು, ಅವನೂ ನಡೆದು ಹೋದ, ಅಂಚಿಗೆ ಅಂಚು ಕೂಡಿಸಿದರು. ಅವನ ಕೈಯ ಮೂಲೆ ಬೆರಳಗಲ ಜಾರಿತು. ಅವಳು ಅಳುತ್ತಾಳೆ ಅಂದುಕೊಂಡ, ತಬ್ಬಿಕೊಳ್ಳುತ್ತಾಳೆ ಅಂದುಕೊಂಡ, ಹೊಡೆದರೂ ಹೊಡೆಯಲಿ ಅಂದುಕೊಂಡ. ಅವಳು ಮೂಲೆಯನ್ನು ನೋಡಿದಳು, ಅವನನ್ನು ನೋಡಿದಳು.

"ಬಿಚ್ಚು," ಎಂದಳು. "ಮತ್ತೆ ಮಡಿಸು."